ಅಕ್ಕನ ಕಾಲಿಗೆ ಎಟುಕದ ಜೀಪು

ಕ್ಲಚ್ ಪ್ಲೇಟು ಸುಟ್ಟ ವಾಸನೆ ಗೊತ್ತಿಲ್ಲದವರಿಗೆ ಹೀಗೆ ಹೇಳಬಹುದು: ಎತ್ತಿನ ಕೋಡು ಹೆರೆದು ಆ ಚೂರುಗಳನ್ನು ಒಲೆಗೆ ಎಸೆದರೆ ಏಳುತ್ತದಲ್ಲ, ಹೆಚ್ಚುಕಡಿಮೆ ಅದೇ. ಒಮ್ಮೆ ಮೂಗಿಗೆ ಬಡಿದರೆ ಅವತ್ತಿನ ಊಟ ಸೇರುವುದಿಲ್ಲ. ಹೋದ ತಿಂಗಳು ಬ್ರೇಕಿನ ಕೆಲಸಕ್ಕೆಂದು ಬೆಳಗಾವಿಯ ಆಟೋ ನಗರಕ್ಕೆ ಹೋದವನು, ಚಹಾದ ಗಾಡಿಯ ಹತ್ತಿರ ನಿಂತಿದ್ದಾಗ ಆ ವಾಸನೆ ಬಂತು. ತಿರುಗಿ ನೋಡಿದರೆ ಎದುರಿನ ಅಂಗಡಿಯ ಮುಂದೆ ಆಳೆತ್ತರದ ಜೀಪೊಂದು ರಾಡಿಯಲ್ಲಿ ಬೇಕೆಂತಲೇ ಗಾಲಿ ತಿರುಗಿಸುತ್ತ ಒದರುತ್ತಿತ್ತು. ಸುತ್ತ ನಾಲ್ಕೈದು ಮಂದಿ ಫೋನು ಹಿಡಿದು ನಿಂತಿದ್ದರು. ಅಂಗಡಿಯ ಮಾಲಕ ಪ್ರವೀಣ ನನ್ನನ್ನು ಕಂಡವನೇ ಕೈ ಎತ್ತಿದ.

"ಕಾಕಾ! ಎಷ್ಟ ದಿನಾ ಆತ್ರಿ ನಿಮ್ಮನ್ನ ನೋಡಿ! ನಿಮ್ಮ ಅಕ್ಕಾರ ವಿಡಿಯೋ ಇನ್ನೂ ಓಡಾಕತ್ತೈತಿ ನೋಡ್ರಿ. ಮಂದಿ ಇನ್ನೂ ಹಾರ್ಟ್ ಒತ್ತತಾರ!"

ಬಾಯಲ್ಲಿದ್ದ ಚಹಾವನ್ನು ಗಟಾರಕ್ಕೆ ಉಗುಳಿದೆ. ಬ್ರೇಕಿನ ಕೆಲಸ ಇನ್ನೆಲ್ಲಾದರೂ ಆದೀತೆಂದು ಗಾಡಿ ಹತ್ತಿ ಹೊರಟುಬಿಟ್ಟೆ. ಆದರೆ ವಾಸನೆ ಖಾನಾಪುರದ ತನಕ ಬೆನ್ನು ಹತ್ತಿ ಬಂತು, ಅದರ ಹಿಂದೆಯೇ ಆ ಮಳೆಗಾಲವೂ ಬಂತು.

ನಾನು ಆರನೇ ಇಯತ್ತೆಗೇ ಸಾಲಿ ಬಿಟ್ಟವನು. ಅದಕ್ಕೆ ನನಗೆ ನಾಚಿಕೆ ಇಲ್ಲ. ಲಾರಿ ತೊಳೆದೆ, ಲಾರಿ ಹೊಡೆದೆ, ಕೊನೆಗೆ ಒಂದು ಹಳೆಯ ಜೀಪು ಕೊಂಡೆ. ಪಾರಿಶ್ವಾಡದಿಂದ ಖಾನಾಪುರಕ್ಕೆ, ಬೆಳಗಾವಿಗೆ ಬಾಡಿಗೆ ಓಡಿಸುತ್ತೇನೆ. ಬಾಣಂತಿಯರನ್ನು, ಬೀಜದ ಚೀಲಗಳನ್ನು, ಮುನಿಸಿಕೊಂಡ ಬೀಗರನ್ನು ಎಲ್ಲರನ್ನೂ ಒಂದೇ ಮರ್ಯಾದೆಯಿಂದ ಸಾಗಿಸಿದ್ದೇನೆ. ಬಸವರಾಜನ ಗಾಡಿ ದಾರಿಯಲ್ಲಿ ನಿಂತಿತು ಎಂದು ಆಡಿಕೊಂಡವರಿರಲಿಲ್ಲ, ಆ ವರ್ಷದವರೆಗೆ.

ಅಕ್ಕ ನೀಲವ್ವ ನನಗಿಂತ ಬಹಳ ದೊಡ್ಡವಳು. ಅವ್ವ ಹೋದ ಮೇಲೆ ನನಗೆ ರೊಟ್ಟಿ ಬಡಿದು ಹಾಕಿದವಳು ಅವಳೇ. ಅವಳನ್ನು ಪಾರಿಶ್ವಾಡದಲ್ಲೇ ಶಿವಪ್ಪ ಮಾಮಾನಿಗೆ ಕೊಟ್ಟಿದ್ದೆವು. ಅವರ ಮನೆ ಊರೊಳಗಿಲ್ಲ, ಆಚೆ ಹೊಲದಲ್ಲಿ. ಊರಿಗೂ ಮನೆಗೂ ನಡುವೆ ಒಂದು ಹಳ್ಳ. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅಕ್ಕನ ಕಿಡ್ನಿ ಕೈಕೊಟ್ಟವು. ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ದು ಮಷೀನಿನಲ್ಲಿ ರಕ್ತ ತೊಳೆಸಬೇಕು. "ಇದು ತಪ್ಪೋ ಹಾಗಿಲ್ಲ. ತಪ್ಪಿದ್ರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತೆ" ಎಂದು ಡಾಕ್ಟರು ಹೇಳಿದ್ದು ಮಾಮಾನ ಮುಖ ನೋಡಿಯಲ್ಲ, ನನ್ನ ಮುಖ ನೋಡಿ. ಗಾಡಿ ಇದ್ದದ್ದು ನನ್ನ ಹತ್ತಿರ.

ಬೇಸಿಗೆ ಹೇಗೋ ಕಳೆಯಿತು. ಹಳ್ಳ ಒಣಗಿತ್ತು. ಮಳೆಗಾಲಕ್ಕೂ ನಾನು ಹೆದರಿರಲಿಲ್ಲ, ಏಕೆಂದರೆ ಮೃಗಶಿರಾ ಮಳೆ ಹಿಡಿಯುವ ಮೊದಲೇ ಹಳ್ಳದಾಚೆಯ ಹೊಲದವರೆಲ್ಲ ಸೇರಿ ದಾಟುವ ಜಾಗದಲ್ಲಿ ಕಲ್ಲು ಹಾಸಿ, ಗರ್ಸು ಮಣ್ಣು ಸುರಿದು, ಬಡಿದು ಗಟ್ಟಿ ಮಾಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮುಯ್ಯಾಳು ಎನ್ನುತ್ತೇವೆ. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು, ಕೂಲಿಯ ಮಾತಿಲ್ಲ. ಆ ವರ್ಷವೂ ಕಾರಹುಣ್ಣಿಮೆಯ ಹೊತ್ತಿಗೆ ಹಾಸು ಮುಗಿದಿತ್ತು. ನೀರು ಮೇಲೆ ಹರಿದರೂ ಗಾಲಿಗೆ ಕೆಳಗೆ ಗಟ್ಟಿ ನೆಲ ಸಿಗುತ್ತಿತ್ತು. ಅಕ್ಕ ಹಿಂದಿನ ಸೀಟಿನಲ್ಲಿ ಕೂತು, ಗಾಡಿ ನೀರಿಗಿಳಿದಾಗ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು, ಆಚೆ ದಡ ಬಂದಾಗ ಬಿಡುತ್ತಿದ್ದಳು. ಅಷ್ಟೇ ಅವಳ ಭಯ.

ಆಮೇಲೆ ಆ ಆಯಿತವಾರ ಬಂತು.

ನಾನು ಖಾನಾಪುರದ ಸಂತೆಯ ಬಾಡಿಗೆಯಲ್ಲಿದ್ದೆ. ಸಂಜೆ ಅಕ್ಕನ ಮನೆಗೆ ಸೊಪ್ಪು ಕೊಡಲು ಹೋದರೆ ಹಳ್ಳದ ದಡದಲ್ಲಿ ಪರಶುರಾಮ ನಿಂತಿದ್ದ. ಮಾಮಾನ ಬಾಜು ಹೊಲದವನು, ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ, ಬೈಯುವಾಗ ಎರಡೂ. ಅವತ್ತು ಎರಡರಲ್ಲೂ ಬೈಯುತ್ತಿದ್ದ.

"ಬಸಣ್ಣಾ, ಇಲ್ಲಿ ನೋಡೋ ಬಾ. ಬೆಳಗಾಂವದಿಂದ ಬಂದಿದ್ರು ಶೌಕೀನ ಮಂದಿ. ಹನ್ನೆರಡೋ ಹದಿನೈದೋ ಗಾಡಿ. ನೀರಾಗ ಇಳಸೂದು, ಗರಗರ ತಿರಗಸೂದು, ಚೀರೂದು. ಎಮ್ಮಿಗೋಳು ಇವರಕಿಂತಾ ಶ್ಯಾಣ್ಯಾ ಅದಾವ, ಕೆಸರಾಗ ಸುಮ್ಮ ಮಲಗತಾವ."

ಇಳಿದು ನೋಡಿದೆ. ಹಾಸಿದ ಕಲ್ಲುಗಳು ಕಿತ್ತು ದಡಕ್ಕೆ ಸಿಡಿದಿದ್ದವು. ದಾಟುವ ಜಾಗದಲ್ಲಿ ಹಂದಿ ಹೊರಳಾಡಿದಂಥ ಎರಡು ಆಳವಾದ ಕಾಲುವೆ. ನೀರಿನ ಮೇಲೆ ಎಣ್ಣೆ ನವಿಲುಬಣ್ಣಕ್ಕೆ ತಿರುಗಿ ತೇಲುತ್ತಿತ್ತು; ದನ ಕುಡಿಯುವ ನೀರದು. ಬದುವಿನ ಮೇಲೆ ಬಾಟಲಿ ಒಡೆದ ಚೂರು, ತಿಂದು ಬಿಸಾಕಿದ ಎಲುಬು, ಗುಟಕಾ ಉಗುಳಿದ ಕೆಂಪು. ಶೇಂಗಾದ ಹೊಲದ ಅಂಚಿಗೆ ಸಾಲಾಗಿ ನಿಂತು ಮಾಡಿ ಹೋಗಿದ್ದರ ನಾತ. ನಾವು ಗೊಬ್ಬರ ಹೊರುವ ಜನ, ಸಗಣಿಗೆ ಮೂಗು ಮುಚ್ಚುವವರಲ್ಲ. ಇದು ಬೇರೆ ಹೊಲಸು. ಮರುದಿನ ಮಾಮಾನ ಎತ್ತು ಅದೇ ಗಾಜು ತುಳಿದು ಗೊರಸು ಸೀಳಿಕೊಂಡಿತು.

ಮಂಗಳವಾರ ಅಕ್ಕನನ್ನು ಕೂರಿಸಿಕೊಂಡು ನೀರಿಗಿಳಿದೆ. ನಡುಹಳ್ಳದಲ್ಲಿ ಗಾಡಿಯ ಹೊಟ್ಟೆ ಕೂತುಬಿಟ್ಟಿತು. ಹಿಂದಿನ ಅಚ್ಚಿನ ನಡುವೆ ಗಡಿಗೆಯಂಥ ಕಬ್ಬಿಣದ ಡಬ್ಬಿ ಇರುತ್ತದೆ, ಎಲ್ಲಕ್ಕಿಂತ ಕೆಳಗೆ ಜೋತಿರುವುದು ಅದೇ. ಅದು ಕಾಲುವೆಗಳ ನಡುವಿನ ದಿಬ್ಬಕ್ಕೆ ಸಿಕ್ಕಿತ್ತು. ಪರಶುರಾಮ ಟ್ರ್ಯಾಕ್ಟರು ತಂದು ಎಳೆಯುವಷ್ಟರಲ್ಲಿ ಹೊತ್ತು ಏರಿತ್ತು. ಆಸ್ಪತ್ರೆಯಲ್ಲಿ ಅಕ್ಕನ ಸರತಿ ದಾಟಿ ಹೋಗಿತ್ತು. ಸಂಜೆ ಯಾವುದೋ ಮಷೀನು ಖಾಲಿಯಾದ ಮೇಲೆ ಅರ್ಧಂಬರ್ಧ ಆಯಿತು. ಅವಳಿಗೆ ದಿನಕ್ಕೆ ಇಷ್ಟೇ ಎಂದು ಅಳತೆಯ ನೀರು. ಅಲ್ಲಿಯ ತನಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೆರಳದ್ದಿ ತುಟಿಗೆ ಒರೆಸಿಕೊಂಡಳು. ನನ್ನ ಗಾಡಿ ನಿಂತದ್ದಕ್ಕೆ ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ ಬೆಳಿಗ್ಗೆ ಮಾಮಾ ಒಂದು ಜಾಲಿಯ ಕೋಲನ್ನು ನನ್ನ ಕೈಗೆ ಕೊಟ್ಟ. ಹಳ್ಳದೊಳಗಿಳಿದು, ದಿಬ್ಬದ ಎತ್ತರಕ್ಕೊಂದು, ನೀರಿನ ಎತ್ತರಕ್ಕೊಂದು ಕಚ್ಚು ಮಾಡಿ ತಂದಿದ್ದ. "ಗಾಡಿ ಎತ್ತರಾ ಮಾಡಸು, ಬಸೂ. ಹಾಸ ಮತ್ತ ಹಾಕೂದು ನೀರ ಇಳದ ಮ್ಯಾಲ. ಅಕಿಗೆ ಅಲ್ಲೀತನಕಾ ತಡಿಯಾಕ ಆಗಂಗಿಲ್ಲ."

ಕೋಲು ಹಿಡಿದು ಆಟೋ ನಗರ ಸುತ್ತಿದೆ. ನನಗೆ ಗೊತ್ತಿದ್ದ ಹಳೆಯ ಗ್ಯಾರೇಜುಗಳಲ್ಲಿ ಇಂಥ ಸಾಮಾನು ಇರಲಿಲ್ಲ, ಕೊಲ್ಹಾಪುರದಿಂದ ತರಿಸಬೇಕು, ವಾರದ ಮೇಲಾಗುತ್ತದೆ ಎಂದರು. ಎಲ್ಲರೂ ಬೆರಳು ತೋರಿಸಿದ್ದು ಪ್ರವೀಣನ ಅಂಗಡಿಗೆ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಗೋಡೆಯ ತುಂಬ ಗಾಡಿಯ ಕುಲುಕು ತಡೆಯುವ ಹಳದಿ ಶಾಕಪ್ಪುಗಳು ಬಾಳೆಗೊನೆಯ ಹಾಗೆ ಜೋತುಬಿದ್ದಿದ್ದವು.

"ಏನ್ರಿ ಕಾಕಾ, ಕೋಲ ಹಿಡಕೊಂಡ ಬಂದೀರಿ. ಬಡ್ಯಾಕ ಬಂದೀರೇನ್ರಿ?" ಎಂದು ನಕ್ಕ.

"ಇನ್ನೂ ಇಲ್ಲ" ಎಂದೆ.

ಎತ್ತರ ಮಾಡಬೇಕೆಂದು ಹೇಳಿದ್ದೇ ತಡ, ಅವನ ಬಾಯಿ ಶುರುವಾಯಿತು. "ಎರಡ ಇಂಚಿಂದು ಐತಿ, ಅದು ಹೆಣ್ಮಕ್ಕಳ ಕಿಟ್ ನೋಡ್ರಿ. ನಾಕ ಇಂಚಿಂದು ಗಂಡಸರಿಗೆ. ಆರ ಇಂಚ ಹಾಕಿಸಿದ್ರ, ಕಾಕಾ, ರೋಡ್ ಮ್ಯಾಲಿನ ಮಂದಿ ನಿಮಗ ಇರುವಿ ಕಂಡಂಗ ಕಾಣತಾರ!"

"ನನಗ ಬೇಕಾಗಿದ್ದು ಹೆಣ್ಮಗಳಿಗೇ. ನಮ್ಮ ಅಕ್ಕಗ ಹಳ್ಳಾ ದಾಟಸಬೇಕು."

ಒಂದೊಂದಾಗಿ ತೆಗೆದು ತೋರಿಸಿದ. ಮೊದಲನೆಯದು ಬರೀ ಕಬ್ಬಿಣದ ತುಂಡು. ಗಾಡಿಯ ಭಾರ ಹೊರುವ ಪಾಟಾ ಇರುತ್ತದಲ್ಲ, ಒಂದರ ಮೇಲೊಂದು ಜೋಡಿಸಿದ ಬಾಗಿದ ಪಟ್ಟಿಗಳು, ಅದಕ್ಕೂ ಅಚ್ಚಿಗೂ ನಡುವೆ ಈ ತುಂಡು ಇಟ್ಟು ಬಿಗಿಯುವುದು. ಕುಂಟನ ಕಾಲಿಗೆ ಎತ್ತರದ ಚಪ್ಪಲಿ ಹಾಕಿ ಓಡು ಎಂದ ಹಾಗೆ. ಕೆಳಗಿಡು ಎಂದೆ. ಎರಡನೆಯದು ಪಾಟಾದ ತುದಿಗೆ ಹಾಕುವ ಉದ್ದ ಕೊಂಡಿ. ಹಾಕಿಸಿಕೊಂಡ ಗಾಡಿಯೊಂದನ್ನು ನಾನು ಓಡಿಸಿದ್ದೆ. ಸ್ಟೇರಿಂಗು ಕುಡಿದವನ ಹಾಗೆ ಆಡುತ್ತದೆ. ಅದೂ ಬೇಡ. ಮೂರನೆಯದು ಪೂರಾ ಕಿಟ್: ಹೆಚ್ಚು ಬಾಗಿದ ಹೊಸ ಪಾಟಾ, ಅದಕ್ಕೊಪ್ಪುವ ಉದ್ದ ಶಾಕಪ್ಪು, ಉದ್ದ ಬ್ರೇಕ್ ಪೈಪು. ಮಾಲು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ, ಮಾಲು ಚೆನ್ನಾಗಿತ್ತು. ಅದನ್ನು ಸುಳ್ಳು ಹೇಳಲಾರೆ.

"ಆದ್ರ ತಮ್ಮಾ, ಪಾಟಾ ಎತ್ತರಾದ್ರ ಮ್ಯಾಲಿನ ಗಾಡಿ ಏರತೈತಿ. ಹಳ್ಳದಾಗ ಸಿಗೂದು ಕೆಳಗಿನ ಡಬ್ಬಿ. ಅದು ಅಚ್ಚಿನ ಸಂಗಾಟ ಅಲ್ಲೇ ಉಳೀತೈತಿ. ಅದನ್ನ ಹೆಂಗ ಏರಸ್ತಿ?"

ಪ್ರವೀಣ ಗೋಡೆಗೆ ಆನಿಸಿಟ್ಟ ಟೈರಿನ ಕಡೆ ಕೈ ಮಾಡಿದ. "ಅದಕ್ಕ ದೊಡ್ಡ ಟೈರ್ ಹಾಕಬೇಕ್ರಿ. ದೊಡ್ಡ ಟೈರ್ ಕೂಡಬೇಕಂದ್ರ ಜಾಗಾ ಬೇಕು, ಜಾಗಾ ಬೇಕಂದ್ರ ಕಿಟ್ ಬೇಕು."

ಕೋಲನ್ನು ಗಾಡಿಗೆ ಆನಿಸಿ ಲೆಕ್ಕ ಹಾಕಿದೆ. ನಾಲ್ಕು ಇಂಚಿನ ಕಿಟ್ಟು, ಮೇಲೆ ದೊಡ್ಡ ಟೈರು: ಸೀಟು ಮುಕ್ಕಾಲು ಗೇಣು ಏರುತ್ತದೆ, ಡಬ್ಬಿ ಏರುವುದು ಎರಡು ಬೆರಳು. ಪಲ್ಲಕ್ಕಿ ಮುಗಿಲಿಗೆ ಹೋಗಿ, ಹೊರುವವರ ಕಾಲು ಕೆಸರಿನಲ್ಲೇ. ಆದರೆ ಮಾಮಾನ ಕೋಲಿನ ಕಚ್ಚು ದಾಟಲು ಆ ಎರಡು ಬೆರಳು ಸಾಕಿತ್ತು. ಸರಿ, ಅದನ್ನೇ ಹಾಕು ಎಂದೆ.

"ಯಾವ ಹಳ್ಳಾರಿ ಕಾಕಾ ನಿಮ್ಮದು?"

ಹೇಳಿದೆ.

ಅವನ ಮುಖ ಹಬ್ಬದ ಮುಖವಾಯಿತು. "ಪಾರಿಶ್ವಾಡದ ಹಳ್ಳಾ? ಭಾರೀ ಜಾಗಾರಿ ಅದು! ಹೋದ ಆಯಿತವಾರ ನಾವೇ ಬಂದಿದ್ವಿ. ನನ್ನ ಗಿರಾಕಿಗೋಳನ್ನೆಲ್ಲಾ ಆಯಿತವಾರಕ್ಕೊಮ್ಮೆ ಕರಕೊಂಡ ಹೊಕ್ಕೀನಿ. ಮಾಲ್ ಟೆಸ್ಟ್ ಆಗಬೇಕಲ್ರಿ."

ಕೋಲು ನನ್ನ ಕೈಯಲ್ಲೇ ಇತ್ತು. ಆಯಿತವಾರ ಗುಂಡಿ ತೋಡುವುದು, ಬುಧವಾರ ಅದೇ ಗುಂಡಿ ದಾಟಲು ನಿಚ್ಚಣಿಕೆ ಮಾರುವುದು. ಇದನ್ನೂ ಒಂದು ದುಡಿಮೆ ಎನ್ನುವುದಾದರೆ ಉಳಿದವರು ಬೆವರು ಒರೆಸಿಕೊಳ್ಳುವುದಾದರೂ ಏಕೆ? "ಆ ಹಾಸು ನಾವು ಹಾಕಿದ್ದು. ಅದರ ಮ್ಯಾಲ ನಮ್ಮ ಅಕ್ಕ ದವಾಖಾನಿಗೆ ಹೊಕ್ಕಾಳ" ಎಂದೆ. "ಹೌದ್ರಿ? ಗೊತ್ತಿರಲಿಲ್ಲ ಬಿಡ್ರಿ" ಎಂದ, ಹಾದಿಯಲ್ಲಿ ಯಾರದೋ ಕಾಲು ತುಳಿದವನ ಹಾಗೆ. ಎದ್ದು ಬರಬೇಕಿತ್ತು. ಆದರೆ ನಡುವೆ ಉಳಿದದ್ದು ಗುರುವಾರ ಒಂದೇ, ಶುಕ್ರವಾರ ಅಕ್ಕನ ಸರತಿ. ಅವನ ತಣ್ಣನೆ ಗಾಳಿಯಲ್ಲಿ ಕೂತು ಅವನು ತರಿಸಿದ ಚಹಾ ಮುಟ್ಟದೆ, ಗಾಡಿ ಅವನ ಕೈಗೆ ಕೊಟ್ಟೆ.

ಗುರುವಾರ ಸಂಜೆ ಆ ಗಾಡಿ ತಗೊಂಡು ಊರಿಗೆ ಬಂದರೆ ಪರಶುರಾಮ ಗುರುತೇ ಹಿಡಿಯದವನ ಹಾಗೆ ಹಣೆಗೆ ಕೈ ಹಚ್ಚಿ ನೋಡಿದ. "ಯಾವ ಶೌಕೀನ ಬಂದಾನೋ ಅಂತ ಕಲ್ಲ ತಗೊಂಡಿದ್ನ್ಯೋ, ನೀನೇನು! ಕೆಳಗ ಇಳಿಯಾಕ ಏಣಿ ತರಲ್ಯಾ?"

ಅಕ್ಕ ಮಾತ್ರ ಬೈಯಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಗಾಡಿಯನ್ನು ಗಾಲಿಯಿಂದ ಛತ್ತಿನ ತನಕ ನೋಡಿದಳು. "ಹಳ್ಳಾ ಅಳದ್ರಿ, ನೀರ ಅಳದ್ರಿ, ಡಬ್ಬಿ ಅಳದ್ರಿ. ನನ್ನ ಮೊಣಕಾಲ ಯಾರೂ ಅಳೀಲಿಲ್ಲಲ್ಲೋ ತಮ್ಮಾ."

ಮಾಮಾ ನನ್ನ ಮುಖ ನೋಡಿದ, ನಾನು ಕೋಲು ನೋಡಿದೆ.

ಶುಕ್ರವಾರ ಬೆಳಿಗ್ಗೆ ಗಾಡಿಯನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿದೆ. ಅವಳು ಕಟ್ಟೆಯ ಮೇಲಿಂದಲೇ ಒಳಗೆ ಹೆಜ್ಜೆ ಇಟ್ಟಳು. ಹಳ್ಳದಲ್ಲಿ ಡಬ್ಬಿ ದಿಬ್ಬವನ್ನು ಸವರಿತು, ಸಿಗಲಿಲ್ಲ. ದಾಟಿದೆವು. ಸರತಿಗೆ ಮುಂಚೆಯೇ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಇಳಿಯುವಾಗ ಸೀಟಿನಂಚಿಗೆ ಕೂತು ಜಾರಿ ಇಳಿದಳು. ಗೆದ್ದೆ ಎಂದುಕೊಂಡೆ.

ಮಧ್ಯಾಹ್ನ ಹೊರಗೆ ಬಂದವಳ ಕಾಲಲ್ಲಿ ಬಲವಿರಲಿಲ್ಲ. ರಕ್ತ ತೊಳೆದ ದಿನ ಅವಳ ಮೈ ಹಿಂಡಿದ ಬಟ್ಟೆಯ ಹಾಗೆ ಆಗುತ್ತಿತ್ತು. ಗಾಡಿಯ ಮೆಟ್ಟಿಲು ಅವಳ ತೊಡೆಯ ಎತ್ತರಕ್ಕಿತ್ತು. ಒಮ್ಮೆ ಕಾಲೆತ್ತಿದಳು, ಎಟುಕಲಿಲ್ಲ. ಮತ್ತೊಮ್ಮೆ ಎತ್ತಿದಳು. ವಾರ್ಡಿನ ಕೆಲಸದವನೊಬ್ಬ ಪಾಪ ಓಡಿ ಬಂದ. "ಬರ್ರಿ ಅಣ್ಣಾರ, ನೀವ ಆ ಕಡೆ ಹಿಡೀರಿ, ನಾ ಈ ಕಡೆ. ಎತ್ತಿ ಕುಂದರಸೂಣು."

ಅಕ್ಕ ಕೈ ಹಿಂದೆ ಎಳೆದುಕೊಂಡಳು. "ಮುಟ್ಟಬ್ಯಾಡ್ರಿ."

"ಒಂದ ನಿಮಿಷದ ಕೆಲಸ ಐತಿ ಅಕ್ಕಾ" ಎಂದೆ.

"ನನ್ನ ಎತ್ತಿ ಕುಂದರಸೂದು ಒಂದ ಸಲ. ಅವತ್ತ ನಾ ಬ್ಯಾಡ ಅನ್ನಂಗಿಲ್ಲ, ಇಬೂತಿ ಹಚ್ಚಿ, ಹಾರ ಹಾಕಿ, ಬೇಕಾದಂಗ ಎತ್ರಿ. ಇವತ್ತ ಜೀವಂತ ಅದೀನಿ."

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಎತ್ತಿ, ಬಿದಿರಿನ ವಿಮಾನದಲ್ಲಿ ಕೂರಿಸಿ, ಕೂತಂತೆಯೇ ಹೊತ್ತುಕೊಂಡು ಹೋಗಿ, ಕೂತಂತೆಯೇ ಮಣ್ಣು ಮಾಡುತ್ತೇವೆ. ಅವಳು ಹೇಳಿದ್ದು ಅದನ್ನೇ. ಕೈ ಹಿಡಿಸಿಕೊಂಡು ನಡೆಯುತ್ತೇನೆ, ಕಟ್ಟೆ ಇದ್ದಲ್ಲಿ ಹತ್ತುತ್ತೇನೆ ಎಂದಳು. ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಮರವೊಂದರ ಸುತ್ತ ಕಲ್ಲಿನ ಕಟ್ಟೆ ಇತ್ತು. ಆಸ್ಪತ್ರೆಯಿಂದ ಅಲ್ಲಿಗೆ ಆರೋಗ್ಯವಂತರಿಗೆ ಬೀಡಿ ಹಚ್ಚುವಷ್ಟು ದಾರಿ. ನಾವು ಕೂತು, ಎದ್ದು, ಮತ್ತೆ ಕೂತು ನಡೆದೆವು. ಅವಳನ್ನು ಕಟ್ಟೆಗೆ ಬಿಟ್ಟು, ಗಾಡಿ ತಂದು ಹಿಂಬದಿಯನ್ನು ಕಟ್ಟೆಗೆ ತಾಗಿಸಿದೆ. ಸೀರೆಯ ನಿರಿಗೆ ಒಂದು ಕೈಯಲ್ಲಿ, ಮರದ ಬುಡ ಒಂದು ಕೈಯಲ್ಲಿ ಹಿಡಿದು ಅಕ್ಕ ತಾನೇ ಗಾಡಿಯೊಳಗೆ ಕಾಲಿಟ್ಟಳು. ಆಚೆ ಬದಿಗೆ ಎತ್ತರದ ಜೀಪೊಂದು ನಿಂತಿದ್ದು, ಅದರೊಳಗಿಂದ ಪ್ರವೀಣ ಕೈ ಬೀಸಿದ್ದು ನನಗೆ ಕಂಡಿತು. ಕೈಯಲ್ಲಿ ಫೋನಿದ್ದದ್ದು ಕಾಣಲಿಲ್ಲ.

ಶನಿವಾರ ಪರಶುರಾಮ ತನ್ನ ಫೋನು ತಂದು ಮಾಮಾನ ಕಟ್ಟೆಯ ಮೇಲೆ ಹಿಡಿದ. ಅಕ್ಕ ತೂಗಾಡುತ್ತ ಕಟ್ಟೆ ಹತ್ತುವುದು, ಸೀರೆ ಮೊಣಕಾಲಿನ ತನಕ ಸರಿಯುವುದು, ಗಾಡಿಯೊಳಗೆ ಕಾಲಿಡುವುದು. ಹಿಂದೆ ಡೋಲು ಬಡಿಯುವ ಸಂಗೀತ. ಮೇಲೆ ಹಳದಿ ಅಕ್ಷರದಲ್ಲಿ ಅಂಗಡಿಯ ಹೆಸರು, ಕೆಳಗೆ 'ತಾಯಂದಿರ ಸೇವೆಯಲ್ಲಿ ನಮ್ಮ ಕಿಟ್'. ಅದರ ಕೆಳಗೆ ಇನ್ನೊಂದು ಸಾಲು: 'ಪಾರಿಶ್ವಾಡದ ಹಳ್ಳಕ್ಕೆ ನಾಳೆ ನಮ್ಮ ಸವಾರಿ, ನೀವೂ ಬನ್ನಿ.'

ನನ್ನ ಮೈ ಉರಿಯಿತು. ರೋಗದ ಹೆಣ್ಣುಮಗಳ ಮೊಣಕಾಲನ್ನು ತೂಗುಹಾಕಿ ಮಾಲು ಮಾರುವವನು ಕಸಾಯಿಖಾನೆಯವನಿಗಿಂತ ಕಡೆ. ಅವನಾದರೂ ಸತ್ತದ್ದನ್ನು ತೂಗುಹಾಕುತ್ತಾನೆ. ಅಕ್ಕ ಮಾತ್ರ ಮತ್ತೊಮ್ಮೆ ಹಾಕು ಎಂದು ಎರಡು ಸಲ ನೋಡಿದಳು. "ಬ್ಯಾಂಡ್ ಹಚ್ಚಿ ಮೆರವಣಿಗಿ ತಗದಾನಲ್ಲೋ. ಹಾರ ಒಂದ ಹಾಕಿಲ್ಲ ನೋಡು" ಎಂದು ಸೀರೆಯ ಸೆರಗನ್ನು ಕಾಲಿನ ಮೇಲೆ ಎಳೆದುಕೊಂಡಳು.

ಫೋನು ಮಾಡಿ ಬೈದೆ. "ನಿಮಗ ಫುಕಟ್ ಪ್ರಚಾರ ಕಾಕಾ, ಬಾಡಿಗಿ ಹೆಚ್ಚಾಗತಾವ" ಎಂದ. ವಿಡಿಯೋ ಅಳಿಸುತ್ತೇನೆ ಎಂದೂ ಹೇಳಿದ.

ಆಯಿತವಾರ ನಾನು ಬಾಡಿಗೆ ಬಿಟ್ಟು ಹಳ್ಳಕ್ಕೆ ಹೋಗಿ ನಿಂತೆ. ಮಾತು ಕೇಳುವವರ ಗುಂಪಲ್ಲ ಅದು. ಹಿಂದಿನ ವಾರದ ಎರಡರಷ್ಟು ಗಾಡಿ ಬಂದಿದ್ದವು. ನನ್ನ ಗಾಡಿ ನೋಡಿ ತಮ್ಮವನೇ ಎಂದು ಬೆನ್ನು ತಟ್ಟಿದರು, ಒಬ್ಬ ಬಾಟಲಿ ನೀಡಿದ. ಅವರ ಬಾಯಿಯ ವಾಸನೆ, ಸುಟ್ಟ ಕ್ಲಚ್ಚಿನ ವಾಸನೆ, ಕಲಕಿದ ಹಳ್ಳದ ತಳದ ಕೊಳೆ, ಎಲ್ಲ ಕೂಡಿ ನನಗೆ ವಾಂತಿ ಬಂತು. ಅದಕ್ಕೂ ನಕ್ಕರು, ಕುಡಿಯಲು ಬಾರದವನೆಂದು.

ಮಂಗಳವಾರ ಆ ಎರಡು ಬೆರಳು ಎಲ್ಲಿಗೂ ಸಾಲಲಿಲ್ಲ. ಎತ್ತರದ ಗಾಡಿ ನಡುಹಳ್ಳದಲ್ಲಿ ಒಂದು ಬದಿಗೆ ವಾಲಿತು. ಎತ್ತರವಾದದ್ದು ವಾಲಿದರೆ ಹೆಚ್ಚು ವಾಲುತ್ತದೆ. ಅಕ್ಕ ಒಂದು ಕೈಯಲ್ಲಿ ಕರಡಿಗೆ, ಇನ್ನೊಂದರಲ್ಲಿ ನನ್ನ ಅಂಗಿಯ ಕಾಲರು ಹಿಡಿದಿದ್ದಳು. ನನ್ನ ಕ್ಲಚ್ಚೇ ಸುಟ್ಟು ನಾರಿತು. ಟ್ರ್ಯಾಕ್ಟರು ಎಳೆದು ಆಚೆ ಹಾಕಿತು. ಆಸ್ಪತ್ರೆ ಮುಟ್ಟಿದಾಗ ಅವಳು ಮಾತನ್ನು ತುಂಡು ತುಂಡಾಗಿ ಆಡುತ್ತಿದ್ದಳು. ಪಾದ ಒತ್ತಿದರೆ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಇನ್ನೊಂದು ಸಲ ಹೀಗೆ ತಡವಾದರೆ ಕರೆದುಕೊಂಡೇ ಬರಬೇಡಿ ಎಂಬಂತೆ ಡಾಕ್ಟರು ನೋಡಿದರು.

ನೀರು ಇಳಿಯಲಿ ಎಂದು ಕಾಯುವ ಮಾತು ಅಲ್ಲಿಗೆ ಮುಗಿಯಿತು. ಬುಧವಾರ ಪರಶುರಾಮ ಮನೆ ಮನೆಗೆ ಹೋಗಿ ಹೇಳಿದ: ಮುಯ್ಯಾಳು, ಈಗಲೇ. ನೀರಲ್ಲಿ ಹಾಸು ಹಾಕಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಸೊಂಟದ ಮಟ್ಟ ನೀರಿನಲ್ಲಿ ಹೆಂಗಸರು ಗಂಡಸರು ಸಾಲು ನಿಂತು, ಕೈಯಿಂದ ಕೈಗೆ ಕಲ್ಲು ದಾಟಿಸಿದೆವು. ಆರಿದ್ರಾ ಮಳೆ ಬೆನ್ನಿಗೆ ಬಡಿಯುತ್ತಿತ್ತು. ತಳ ಕಾಣುವುದಿಲ್ಲ, ಕಾಲಿನಿಂದ ತಡಕಿ ಕಲ್ಲು ಕೂರಿಸಬೇಕು. ಎತ್ತಿನ ಗೊರಸು ಇನ್ನೂ ಮಾಯದಿದ್ದರೂ ಮಾಮಾ ತನ್ನ ಹೊಲದ ಬದುವಿನ ದೊಡ್ಡ ಕಲ್ಲುಗಳನ್ನೇ ಕಿತ್ತು ತಂದ. ಅಕ್ಕ ಕಟ್ಟೆಯ ಮೇಲೆ ಕೂತು ಎಲ್ಲರ ಜೋಳದ ರೊಟ್ಟಿಗೆ ಚಟ್ನಿ ಹಚ್ಚಿ ಕಳಿಸಿದಳು. ಗುರುವಾರ ಸಂಜೆಗೆ ಕಾಲಿಗೆ ಗಟ್ಟಿ ನೆಲ ಸಿಕ್ಕಿತು. ಶುಕ್ರವಾರ ಅಲುಗಾಡದೆ ದಾಟಿದೆವು.

"ಆಯಿತವಾರ ಏನ ಮಾಡೂದು?" ಎಂದು ಪರಶುರಾಮ ಕೇಳಿದ. ಮುಳ್ಳು ಹಾಕೋಣ ಎಂದೆ, ಪೊಲೀಸರಿಗೆ ಹೇಳೋಣ ಎಂದ ಇನ್ನೊಬ್ಬ, ಬಡಿಯೋಣ ಎಂದವರೂ ಇದ್ದರು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

ಆಯಿತವಾರ ಬೆಳಿಗ್ಗೆ ಅವಳು ಮೈ ತೊಳೆದು, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, "ಖುರ್ಚಿ ತಗೊಂಡ ಬರ್ರಿ" ಎಂದು ಮಾಮಾನಿಗೆ ಹೇಳಿ ಹೊರಟಳು. ನನ್ನ ಗಾಡಿಯಲ್ಲಿ ಹಳ್ಳ ದಾಟಿ, ದಡಕ್ಕೆ ಜಾರಿ ಇಳಿದು, ಕೋಲೂರಿಕೊಂಡು ತಾನೇ ನಡೆದಳು, ಅದೇ ಜಾಲಿಯ ಕೋಲು. ಹಾಸಿನ ಊರ ಕಡೆಯ ತುದಿಯಲ್ಲಿ, ಹಳ್ಳಕ್ಕೆ ಇಳಿಯುವ ಬಾಯಿಯಲ್ಲಿ ಖುರ್ಚಿ ಹಾಕಿಸಿ ಕೂತಳು. ಮಾಮಾ ಹಿಂದೆ ಕೊಡೆ ಹಿಡಿದ. ನಾವೆಲ್ಲ ಹಿಂದೆ ನಿಂತೆವು.

ಗಾಡಿಗಳು ಬಂದವು. ಮೊದಲನೆಯದರಿಂದ ಪ್ರವೀಣ ಇಳಿದ, ಅವನ ಹಿಂದೆ ಇಬ್ಬರು ಗಟ್ಟಿ ಆಳುಗಳು. ಅಕ್ಕನನ್ನು ಗುರುತಿಸಿ ಹಲ್ಲು ಕಿಸಿದ.

"ಅರೆ, ನಮ್ಮ ಅಜ್ಜಿ! ನಮಸ್ಕಾರ್ರಿ. ಸ್ವಲ್ಪ ಬಾಜು ಆಗ್ರಿ, ಗಾಡಿ ಇಳಸಬೇಕು."

"ಆಗತಿದ್ನಿ ತಮ್ಮಾ, ಮೊಣಕಾಲ ಏಳವಲ್ಲವು. ನೀನ ನೋಡಿದ್ಯಲ್ಲ, ಮಂದಿಗೂ ತೋರ್ಸೀದಿ."

ಅವನು ತಡವರಿಸಿ, "ಹಂಗಾದ್ರ ಹುಡುಗರು ಎತ್ತಿ ಬಾಜು ಇಡತಾರ ಬಿಡ್ರಿ" ಎಂದ. ಆ ಇಬ್ಬರೂ ಖುರ್ಚಿಯ ಎರಡು ಬದಿಗೆ ಬಂದರು. ನಾನು ಮುಂದೆ ನುಗ್ಗಿದೆ. ಅಕ್ಕ ಕೋಲು ಅಡ್ಡ ಹಿಡಿದಳು. "ನೀ ಸುಮ್ಮನಿರು, ಬಸ್ಯಾ. ಎತ್ತಲಿ."

ಆಮೇಲೆ ಆ ಇಬ್ಬರನ್ನು ನೋಡಿ, ಮಕ್ಕಳಿಗೆ ಅಡುಗೆ ಹೇಳಿಕೊಡುವ ದನಿಯಲ್ಲಿ ಹೇಳಿದಳು: "ಎತ್ತೂದಕ್ಕ ಮೊದಲ ಕೇಳ್ರಿ. ನಮ್ಮ ಮಂದ್ಯಾಗ ಇಬೂತಿ ಹಚ್ಚಿ ಕುಂತವರನ್ನ ಎತ್ತಿದ್ರ ಬಾಜು ಇಡೂ ಪದ್ಧತಿ ಇಲ್ಲ. ಇಬ್ಬರ ಸಾಲಂಗಿಲ್ಲ, ನಾಕ ಮಂದಿ ಬೇಕು. ಎತ್ತಿದ ಮ್ಯಾಲ ನಡುವ ಇಳಸೂಹಂಗಿಲ್ಲ, ಹೊತಗೊಂಡ ಹೋಗಿ ಮಣ್ಣ ಮಾಡಿ, ಮಿಂದು, ಆಮ್ಯಾಲ ನಿಮ್ಮ ಮನಿಗೆ ನೀವು ಹೋಗೂದು. ನಮ್ಮ ಜಾಗಾ ಅಲ್ಲೇ ಐತಿ ನೋಡ್ರಿ, ಆ ಬೇವಿನ ಗಿಡದ ಕೆಳಗ. ಪುರುಸೊತ್ತ ಐತೇನು?"

ಬಲಬದಿಯವನು ಖುರ್ಚಿಯ ಕೈ ಹಿಡಿದಿದ್ದ. ಹಾವು ಮುಟ್ಟಿದವನ ಹಾಗೆ ಬಿಟ್ಟ. ಇನ್ನೊಬ್ಬ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹಿಂದಿನ ಗಾಡಿಯಲ್ಲಿ ಹಾಡು ನಿಂತಿತು. ಫೋನು ಎತ್ತಿದ್ದ ಒಬ್ಬನಿಗೆ ಪ್ರವೀಣನೇ ಬೇಡ ಎಂದು ಕೈ ಮಾಡಿದ. ಯಾರೋ "ಅಪಶಕುನ ಬ್ಯಾಡೋ ಮಾರಾಯಾ, ನಡೀ" ಎಂದರು. ಕಿರಿದಾದ ಬಂಡಿ ದಾರಿಯಲ್ಲಿ ಅಷ್ಟೂ ಎತ್ತರದ ಗಾಡಿಗಳು ಒಂದರ ಹಿಂದೊಂದು ಹಿಮ್ಮುಖವಾಗಿ ಹೋಗುವುದನ್ನು ನೋಡುತ್ತ ಪರಶುರಾಮ ಎರಡೂ ಭಾಷೆಯಲ್ಲಿ ನಕ್ಕ.

ಆ ವಾರವೇ ಗಾಡಿಯಿಂದ ಕಿಟ್ಟು, ಟೈರು ನನ್ನ ಕೈಯಾರೆ ಬಿಚ್ಚಿ, ಹಳೆಯ ಪಾಟಾ ಕೂರಿಸಿದೆ. ಹಾಸು ಗಟ್ಟಿ ಇದ್ದಲ್ಲಿ ಎತ್ತರದ ಗರಜು ಇರಲಿಲ್ಲ. ಆ ಹಳದಿ ಶಾಕಪ್ಪು ಒಂದನ್ನು ಮಾಮಾ ಕೊಟ್ಟಿಗೆಯ ಮುಂದೆ ಗೂಟವಾಗಿ ಹೊಡೆದ. "ಕರಾ ಕಟ್ಟಾಕ ಭೇಷ್ ಐತಿ" ಎಂದ. ಅವನು ಆ ಮಳೆಗಾಲದಲ್ಲಿ ಆಡಿದ ಒಂದೇ ಚೇಷ್ಟೆಯ ಮಾತು ಅದು. ಮಂಗಳವಾರ ಅಕ್ಕ ಅಂಗಳದಲ್ಲೇ ನಿಂತು, ಮೆಟ್ಟಿಲ ಮೇಲೆ ಕಾಲಿಟ್ಟು, ಕಂಬಿ ಹಿಡಿದು ಹತ್ತಿ ಕೂತಳು. "ಈಗ ನನ್ನ ಕಾಲಿಗೆ ಸಿಕ್ಕಿತು ನೋಡು ನಿನ್ನ ಗಾಡಿ" ಎಂದಳು. ಆ ಮಳೆಗಾಲದಲ್ಲಿ ಮುಂದೆ ಒಂದು ಸರತಿಯೂ ತಪ್ಪಲಿಲ್ಲ.

ತಪ್ಪದಿದ್ದರೂ ಎಷ್ಟು ದಿನ? ಸೀಗಿ ಹುಣ್ಣಿಮೆಯ ಮುಂಚೆ, ಬೆಳಗಿನ ಪೂಜೆಗೆ ಕೂತವಳು ಹಾಗೇ ಗೋಡೆಗೆ ಒರಗಿದಳು. ಆ ವಿಡಿಯೋ ಇನ್ನೂ ಇದೆ. ಅಳಿಸುತ್ತೇನೆ ಎಂದವನು ಅಳಿಸಿಲ್ಲ. ಅಕ್ಕ ಇಲ್ಲವೆಂದು ಅವನಿಗೆ ಹೇಳಲಿಕ್ಕೂ ನನಗೆ ಹೇಸಿಗೆ. ಹೇಳಿದರೆ ಅದಕ್ಕೊಂದು ಹಾಡು ಹಚ್ಚುತ್ತಾನೆ.

ಅವರ ಮನೆತನದ ಮಣ್ಣು ಮಾಡುವ ಜಾಗ ಹಳ್ಳದ ಈಚೆ, ಊರ ಕಡೆ, ಬೇವಿನ ಗಿಡದ ಕೆಳಗೆ. ಅವತ್ತು ಅವಳನ್ನು ನಾವು ಎತ್ತಿ ಕೂರಿಸಿದೆವು. ವಿಭೂತಿ ಹಚ್ಚಿದೆವು, ಹಾರ ಹಾಕಿದೆವು, ಬೇಡ ಅನ್ನಲಿಲ್ಲ. ಹಿಂದಿನ ದಿನ ಮಳೆಯಾಗಿ ಹಳ್ಳದಲ್ಲಿ ಮೊಣಕಾಲು ಮುಳುಗುವಷ್ಟು ನೀರು. ಮುಂದಿನ ಬಿದಿರಿಗೆ ಒಂದು ಕಡೆ ನಾನು, ಒಂದು ಕಡೆ ಪರಶುರಾಮ ಹೆಗಲು ಕೊಟ್ಟಿದ್ದೆವು. ತಳ ಕಾಣುತ್ತಿರಲಿಲ್ಲ. ಕಾಲಿಟ್ಟಲ್ಲೆಲ್ಲ ಕಲ್ಲು ಸಿಕ್ಕಿತು. ನಡುವೆ ಎಲ್ಲೂ ಇಳಿಸದೆ ದಾಟಿಸಿದೆವು.